ಎರಡು ಸೂರ್ಯೋದಯಗಳ ಹಾದಿ

ಲಂಕೆಯ ದಕ್ಷಿಣ ತೀರದಲ್ಲಿ, ಗಾಲ್ ಪಟ್ಟಣದಿಂದ ಮಾತರದ ಕಡೆಗೆ ಹೋಗುವ ದಾರಿಯಲ್ಲಿ ಕೊಗ್ಗಲ ಎಂಬ ಊರಿದೆ. ಬಲಗಡೆಗೆ ಹಿಂದೂ ಮಹಾಸಾಗರ. ಎಡಗಡೆಗೆ ಸಣ್ಣ ಸಣ್ಣ ನಡುಗಡ್ಡೆಗಳಿಂದ ಕೂಡಿದ ವಿಶಾಲವಾದ ಸರೋವರ. ಕುಂದಾಪುರದ ಕಡೆಯವರು ಇಲ್ಲಿಗೆ ಬಂದರೆ ತಮ್ಮೂರಿನ ಹಿನ್ನೀರನ್ನು ನೆನೆಯದೆ ಇರಲಾರರು. ಈ ಶಾಂತವಾದ ನೀರಿಗೂ ವಿಮಾನಯಾನದ ಒಂದು ದೊಡ್ಡ ದಾಖಲೆಗೂ ನಂಟುಂಟು.

1942ರ ಫೆಬ್ರುವರಿಯಲ್ಲಿ ಸಿಂಗಪುರವು ಜಪಾನೀಯರ ವಶವಾಯಿತು. ಇಂಗ್ಲೆಂಡಿಗೂ ಆಸ್ಟ್ರೇಲಿಯಕ್ಕೂ ನಡುವೆ ಇದ್ದ ವಿಮಾನಮಾರ್ಗ ಅಲ್ಲಿಗೆ ಕಡಿದುಹೋಯಿತು. ಉಳಿದದ್ದು ಒಂದೇ ಉಪಾಯ: ಪರ್ತ್ ನಗರದಿಂದ ಕೊಗ್ಗಲದವರೆಗೆ, ನಡುವೆ ಎಲ್ಲಿಯೂ ಇಳಿಯದೆ, ಸುಮಾರು 5,650 ಕಿಲೋಮೀಟರ್ ಕಡಲನ್ನು ದಾಟುವುದು. ಇದಕ್ಕೆ ಒದಗಿದ್ದು ಸಮುದ್ರದ ಪಹರೆಗೆಂದು ಕಟ್ಟಿದ ಕ್ಯಾಟಲಿನಾ ಎಂಬ ಸೈನ್ಯದ ವಿಮಾನ. ಅದು ನೀರಿನಿಂದಲೇ ಏರಿ ನೀರಿಗೇ ಇಳಿಯುವ ಹಾರುವ ದೋಣಿ. ಇದೇ ಜಾತಿಯ ವಿಮಾನಗಳು ಆ ಕಾಲದಲ್ಲಿ ನಮ್ಮ ಬೆಂಗಳೂರಿನ ಬೆಳ್ಳಂದೂರು ಕೆರೆಗೂ ಇಳಿದು, ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ದುರಸ್ತಿ ಮಾಡಿಸಿಕೊಂಡು ಹೋಗುತ್ತಿದ್ದವು.

1943ರ ಜೂನ್ ಕೊನೆಯಲ್ಲಿ ಕ್ವಾಂಟಾಸ್ ಸಂಸ್ಥೆಯವರು ಸಂಚಾರವನ್ನು ಆರಂಭಿಸಿದರು. ಅವರ ಐದು ವಿಮಾನಗಳಿಗೂ ನಕ್ಷತ್ರಗಳ ಹೆಸರು. ಹೆಸರು ಬರಿಯ ಅಲಂಕಾರವಲ್ಲ. ಶತ್ರುವಿಗೆ ಸುಳಿವು ಸಿಗಬಾರದೆಂದು ರೇಡಿಯೋ ಮೌನವಾಗಿರುತ್ತಿತ್ತು. ರಾತ್ರಿಯ ಹೊತ್ತು ದಾರಿ ತೋರುತ್ತಿದ್ದದ್ದು ನಕ್ಷತ್ರಗಳೇ. ಅನಾವಶ್ಯಕವಾದ ಸಾಮಾನುಗಳನ್ನೆಲ್ಲ ಕಿತ್ತುಹಾಕಿ ಆ ಭಾರದಷ್ಟೂ ಪೆಟ್ರೋಲು ತುಂಬಿದ್ದರಿಂದ, ಮೂವರು ಪ್ರಯಾಣಿಕರಿಗೂ ಸುಮಾರು 69 ಕಿಲೋಗ್ರಾಂ ಟಪಾಲಿಗೂ ಮಾತ್ರ ಜಾಗ. ವೇಗವೋ ಗಂಟೆಗೆ ಸುಮಾರು 200 ಕಿಲೋಮೀಟರ್. ಹೀಗಾಗಿ ಒಂದೇ ಪ್ರಯಾಣದಲ್ಲಿ ಸೂರ್ಯನು ಎರಡು ಸಲ ಉದಯಿಸುತ್ತಿದ್ದನು! ಅದನ್ನು ಕಂಡವರಿಗೆ ಒಂದು ಪ್ರಶಸ್ತಿಪತ್ರವನ್ನೂ ಕೊಡುತ್ತಿದ್ದರು.

ಅತಿ ದೀರ್ಘವಾದ ಹಾರಾಟ ಹಿಡಿದದ್ದು 32 ಗಂಟೆ 9 ನಿಮಿಷ. ಪ್ರಯಾಣಿಕರನ್ನು ಹೊತ್ತು ಸಂಚರಿಸುವ ವಿಮಾನಗಳಲ್ಲಿ, ನಿಲ್ಲದೆ ಆಕಾಶದಲ್ಲಿ ಕಳೆದ ಹೊತ್ತಿನ ಲೆಕ್ಕಕ್ಕೆ, ಇಂದಿಗೂ ಇದೇ ದಾಖಲೆ. 1945ರ ಜುಲೈವರೆಗೆ 271 ಸಲ ಈ ಕಡಲನ್ನು ದಾಟಿದರು. ಒಂದು ವಿಮಾನವೂ ಕಳೆದುಹೋಗಲಿಲ್ಲ. ದಾಖಲೆ ಮಾಡಬೇಕೆಂದು ಹೊರಟವರಲ್ಲ ಅವರು. ದೂರದ ಮಗನ ಕ್ಷೇಮಸಮಾಚಾರಕ್ಕಾಗಿ ಟಪಾಲಿನವನ ದಾರಿ ಕಾದವರಿಗೆ ಆ 69 ಕಿಲೋಗ್ರಾಂ ಚೀಲದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಇದಕ್ಕೆ ತೆತ್ತ ಬೆಲೆಯೂ ಇದೆ. ಸೈನ್ಯಕ್ಕೆ ವಿಮಾನನೆಲೆ ಬೇಕಾದಾಗ ಕೊಗ್ಗಲದ ನಿವಾಸಿಗಳು ಮನೆಮಠ ಬಿಟ್ಟು ಹೋಗಬೇಕಾಯಿತು. ಯಾರದೋ ಮನೆಗೆ ಕಾಗದ ಮುಟ್ಟಿಸುವ ದಾರಿಯಲ್ಲಿ ಇವರ ಮನೆಗಳೇ ಇಲ್ಲವಾದವು. ಸಿಂಹಳದ ಹಿರಿಯ ಸಾಹಿತಿ ಮಾರ್ಟಿನ್ ವಿಕ್ರಮಸಿಂಘೆಯವರು ಹುಟ್ಟಿದ ಮನೆ ಮಾತ್ರ ಹೇಗೋ ಉಳಿದುಕೊಂಡಿತು. ವಿಮಾನಗಳ ಗತಿಯೂ ಹೀಗೆಯೇ. ಅವು ಅಮೆರಿಕದಿಂದ ಯುದ್ಧಕ್ಕೆಂದು ಪಡೆದ ಎರವಿನ ಸೊತ್ತು. ಯುದ್ಧ ಮುಗಿದ ಮೇಲೆ ಕರಾರಿನಂತೆ ಅವನ್ನು ಆಸ್ಟ್ರೇಲಿಯದ ಕಡಲಿನಲ್ಲಿ ಮುಳುಗಿಸಿಬಿಟ್ಟರು.

2018ರಿಂದ ಪರ್ತ್‌ನಿಂದ ಲಂಡನ್ನಿಗೇ ನೇರವಾಗಿ ಸುಮಾರು 17 ಗಂಟೆಯಲ್ಲಿ ಹೋಗಬಹುದಾಗಿದೆ. ಲಂಕೆಗೆ ಹೋಗುವವರು ಕೊಗ್ಗಲದಲ್ಲಿ ಅರ್ಧ ದಿನ ತಂಗಿ, ದೋಣಿಯಲ್ಲಿ ಸರೋವರವನ್ನು ಸುತ್ತಿ, ಬರುವಾಗ ಮರಗಳ ನೆರಳಿನಲ್ಲಿರುವ ವಿಕ್ರಮಸಿಂಘೆಯವರ ಮನೆಯನ್ನೂ ನೋಡಿಕೊಂಡು ಬರಬೇಕು. ಈಗ ಅದು ವಸ್ತುಸಂಗ್ರಹಾಲಯ. ಆ ಹಳೆಯ ಊರಿನ ಗುರುತಾಗಿ ನಿಂತಿರುವ ಮನೆ ಅದು.