ತವರಿನ ಅಂಗಳ ಇಲ್ಲದ ವರ್ಷ

ಬೆಂಗಳೂರು ಬುಲ್ಸ್ ಪ್ರೊ ಕಬಡ್ಡಿ ಗೆದ್ದದ್ದು ಆರನೇ ಆವೃತ್ತಿಯಲ್ಲಿ. 2018ರ ಅಕ್ಟೋಬರ್ 7ಕ್ಕೆ ಶುರುವಾದ ಲೀಗ್ 2019ರ ಜನವರಿ 5ಕ್ಕೆ ಮುಗಿಯಿತು. ಆ ಮೂರು ತಿಂಗಳಲ್ಲಿ ಗೆದ್ದ ತಂಡ ಬೆಂಗಳೂರಿನಲ್ಲಿ ಒಂದೂ ಪಂದ್ಯ ಆಡಲಿಲ್ಲ ಅನ್ನುವುದನ್ನು ಈಗ ಯಾರೂ ನೆನಪಿಸಿಕೊಳ್ಳುವುದಿಲ್ಲ. ಬುಲ್ಸ್‌ನ ತವರಿನ ಪಂದ್ಯಗಳು ಪುಣೆಯಲ್ಲಿ ನಡೆದವು. ಅದರ ಹಿಂದಿನ ವರ್ಷ ನಾಗಪುರದಲ್ಲಿ. ಕಾಮೆಂಟರಿಯವರು 'ತವರಿನ ಅಂಗಳ' ಅಂದಾಗಲೆಲ್ಲ ನಮ್ಮವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಯಾವೂರ ತವರ ಅದು?" ಎಂದು ಕೇಳುತ್ತಿದ್ದಳು.

ನಮ್ಮೂರು ಪುರ್ತಗೇರಿ, ಗಜೇಂದ್ರಗಡದ ಮಗ್ಗುಲಿಗೆ. ಎರೆಹೊಲ, ಹಿಂಗಾರಿ ಜೋಳ, ಕಡಲೆ. ಆ ವರ್ಷ ಮಳೆ ಕೈಕೊಟ್ಟಿತು. ದೀಪಾವಳಿ ಮುಗಿದದ್ದೇ ತಡ, ಮಂದಿ ಗಂಟುಮೂಟೆ ಕಟ್ಟಿದರು. ಊರಿನ ಕಬಡ್ಡಿ ತಂಡದ ಏಳು ಹುಡುಗರಲ್ಲಿ ಐವರು ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೋದರು. ಅವರಲ್ಲಿ ನನ್ನ ತಮ್ಮನೂ ಒಬ್ಬ. ಎಡಮೂಲೆಯಲ್ಲಿ ನಿಂತು ಕಾಲು ಹಿಡಿಯುವುದರಲ್ಲಿ ಅವನದು ಎತ್ತಿದ ಕೈ. ಈಗ ನಾನು ಪಿಎಚ್.ಡಿ.ಗೆ ಗುಳೆಯ ಬಗ್ಗೆಯೇ ಬರೆಯುತ್ತಿದ್ದೇನೆ. ನನ್ನ ಕೋಷ್ಟಕಗಳಲ್ಲಿ ಅವನು 'ಹಂಗಾಮಿ ವಲಸಿಗ'. ಎಡಮೂಲೆಗೆ ಅಲ್ಲಿ ಕಾಲಂ ಇಲ್ಲ.

ಪಂದ್ಯದ ದಿನ ಶೆಡ್ಡಿನಲ್ಲಿ ಒಂದೇ ಮೊಬೈಲಿನ ಸುತ್ತ ಹತ್ತು ತಲೆ. ಮನೆಯಲ್ಲಿ ಟಿವಿ ಮುಂದೆ ಅಪ್ಪ, ನಾನು. ಅಪ್ಪನಿಗೆ ಒಂದೇ ತಕರಾರು: "ಬೆಂಗಳೂರ ಅಂತಾರ, ಇದರಾಗ ನಮ್ಮಾವ ಯಾರದಾನ?" ನಾಯಕ ರೋಹಿತ್ ಕುಮಾರ್, ರೈಡರ್ ಪವನ್ ಸೆಹ್ರಾವತ್ ಇಬ್ಬರೂ ದೆಹಲಿ ಕಡೆಯವರು. ತರಬೇತುದಾರರ ಪೈಕಿ ಕರ್ನಾಟಕದ ಬಿ.ಸಿ. ರಮೇಶ್ ಇದ್ದರು. ಮುಂದೆ ಬೆಂಗಾಲ್ ವಾರಿಯರ್ಸ್‌ಗೂ ಪುಣೇರಿ ಪಲ್ಟನ್‌ಗೂ ಕಪ್ ಗೆಲ್ಲಿಸಿಕೊಟ್ಟವರು. ಆದರೆ ಮ್ಯಾಟಿನ ಹೊರಗೆ ನಿಂತವರು ಅಪ್ಪನ ಲೆಕ್ಕಕ್ಕಿಲ್ಲ. ಕೊನೆಗೆ ಸಾಂಗ್ಲಿ ಕಡೆಯ ಕಾಶಿಲಿಂಗ ಅಡಕೆಯ ಹೆಸರು ಕೇಳಿ, "ಇಂವಾ ನಮ್ಮ ಕಡೆಯಾವನ" ಎಂದು ತಾನೇ ರಾಜಿಯಾದ. ಹೆಸರು ಸಾಕಾಗಿತ್ತು.

ಪವನ್‌ನನ್ನು ಆ ವರ್ಷದ ಹರಾಜಿನಲ್ಲಿ ಬುಲ್ಸ್ 52.8 ಲಕ್ಷಕ್ಕೆ ಕೊಂಡಿತ್ತು. ಅದೇ ಹರಾಜಿನಲ್ಲಿ ಮೋನು ಗೋಯತ್‌ಗೆ 1.51 ಕೋಟಿ ಸಿಕ್ಕಿತ್ತು. ಹಿಂದಿನ ವರ್ಷ ಗುಜರಾತ್ ತಂಡದಲ್ಲಿ ಪವನ್‌ಗೆ ಸರಿಯಾಗಿ ಆಡುವ ಅವಕಾಶವೇ ಸಿಕ್ಕಿರಲಿಲ್ಲ. ಆರನೇ ಆವೃತ್ತಿಯಲ್ಲಿ ಎಲ್ಲರಿಗಿಂತ ಹೆಚ್ಚು ರೈಡ್ ಅಂಕ ಅವನದೇ, 271. ಡಿಸೆಂಬರ್ 31ರಂದು ಕೊಚ್ಚಿಯಲ್ಲಿ ನಡೆದ ಕ್ವಾಲಿಫೈಯರ್‌ನಲ್ಲಿ ಬುಲ್ಸ್ ಗುಜರಾತನ್ನು 41-29ರಿಂದ ಸೋಲಿಸಿತು. ಐದು ದಿನ ಬಿಟ್ಟು ಮುಂಬಯಿಯ ಫೈನಲ್‌ನಲ್ಲಿ ಮತ್ತೆ ಅದೇ ಗುಜರಾತ್.

ಅರ್ಧ ಆಟಕ್ಕೆ ಗುಜರಾತ್ 16, ಬುಲ್ಸ್ 9. ತಮ್ಮ ಫೋನ್ ಮಾಡಿದ. "ಅಕ್ಕಾ, ಮುಗೀತು. ನಾಳೆ ಸ್ಲ್ಯಾಬ್ ಐತಿ, ಮಲಗತೀನಿ" ಅಂದ. ಸ್ಲ್ಯಾಬ್ ಹಾಕುವ ದಿನ ನಸುಕಿನಲ್ಲೇ ಏಳಬೇಕು. ಆದರೆ ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ. ಎರಡನೇ ಅರ್ಧದಲ್ಲಿ ಬುಲ್ಸ್ ಗಳಿಸಿದ್ದು 29 ಅಂಕ. ಪವನ್ ಒಬ್ಬನೇ ಪಂದ್ಯದಲ್ಲಿ 22 ರೈಡ್ ಅಂಕ ತಂದ. ಮೊಬೈಲಿಗೆ ಚಿತ್ರ ತಡವಾಗಿ ಬರುತ್ತಿತ್ತು. ಇಲ್ಲಿ ಅಪ್ಪ ತೊಡೆ ತಟ್ಟಿದರೆ ಅಲ್ಲಿ ಹುಡುಗರು, "ಏ, ಏನಾತು ಹೇಳಬ್ಯಾಡ್ರಿ!" ಎಂದು ಬೈಯುತ್ತಿದ್ದರು. 38-33. ಶೆಡ್ಡಿನಲ್ಲಿ ತಗಡು ಬಡಿದ ಸದ್ದು ಕೇಳಿತು. ಹಿಂದೆಯೇ ಯಾರೋ ಕೊಂಕಣಿಯಲ್ಲಿ ಗದರಿದರು. ಫೋನ್ ಕಟ್ಟಾಯಿತು.

ಆ ವರ್ಷ ನಮ್ಮೂರ ಜಾತ್ರೆಗೆ ಕಬಡ್ಡಿ ಪಂದ್ಯ ಆಗಲಿಲ್ಲ. ಅಂಕಣ ಕಡಿದು, ಕೆಮ್ಮಣ್ಣು ಹಾಕಿ, ನೀರು ಚಿಮುಕಿಸಿ ಹದ ಮಾಡುವವರೇ ಊರಲ್ಲಿರಲಿಲ್ಲ. ಉಳಿದ ಇಬ್ಬರು ಪಕ್ಕದೂರಿನ ತಂಡಕ್ಕೆ ಸೇರಿ ಆಡಿದರು. ಅದನ್ನು ಕೇಳಿ ತಮ್ಮ ಎರಡು ದಿನ ನನ್ನ ಜೊತೆಗೂ ಮಾತಾಡಲಿಲ್ಲ. ಹರ್ಯಾಣದವರು, ದೆಹಲಿಯವರು ಬೆಂಗಳೂರಿಗೆ ಆಡಬಹುದಾದರೆ ಇವರು ಪಕ್ಕದೂರಿಗೆ ಯಾಕೆ ಆಡಬಾರದು ಎಂದು ಕೇಳಿದೆ.

"ಅವರಿಗೆ ರೊಕ್ಕ ಕೊಡ್ತಾರವಾ" ಅಂದ.

2019ರ ಆಗಸ್ಟ್ ಕೊನೆಗೆ ಬುಲ್ಸ್ ಕಂಠೀರವ ಒಳಾಂಗಣ ಕ್ರೀಡಾಂಗಣಕ್ಕೆ ಮರಳಿತು. ಟಿಕೆಟ್ ನಾನು ತೆಗೆಸುತ್ತೇನೆ, ಬಾ ಎಂದು ಕರೆದೆ. ನಾಲ್ಕು ದಿನದ ಪಗಾರ ಹೋಗುತ್ತದೆ, ಟಿವಿಯಲ್ಲೇ ನೋಡುತ್ತೇನೆ ಅಂದ. ಆಮೇಲೆ ಜಾತ್ರೆಗೆ ಇನ್ನೆಷ್ಟು ದಿನ ಎಂದು ಕೇಳಿದ, ಇನ್ನೂ ತಿಂಗಳುಗಟ್ಟಲೆ ಇರುವಾಗಲೇ.