ತಂಗಿಯ ಮುಂಗೈ

ಋತುಸ್ರಾವ ನಿಂತ ಎಂಟನೆಯ ವರ್ಷ ನಮ್ಮ ತಂಗಿ ಪಡಸಾಲೆಯಲ್ಲಿ ಜಾರಿ, ನೆಲಕ್ಕೆ ಊರಿದ ಮುಂಗೈ ಮುರಿದುಕೊಂಡಳು. ದಾಸೋಹದ ಪಂಕ್ತಿಯಲ್ಲಿ ನೂರಾರು ಮಂದಿಗೆ ಬಡಿಸಿದ ಕೈ ಅದು. ಆ ವಯಸ್ಸಿನಲ್ಲಿ ಈಸ್ಟ್ರೊಜೆನ್ ತಗ್ಗಿ ಎಲುಬು ಬೇಗ ಸವೆಯುವುದೆಂದು ವೈದ್ಯರು ತಿಳಿಸಿದರು. ಇಂಥ ತಾಯಂದಿರಿಗೆ ದಿನಕ್ಕೆ 1200 ಮಿಲಿಗ್ರಾಂ ಸುಣ್ಣಾಂಶ ಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕ.

ಮಠದಲ್ಲಿ ಶಾಸ್ತ್ರ ಓದಿದ ನಾವೋ, ಜೋಳದ ರೊಟ್ಟಿ, ಪಾಲಕದ ಪಲ್ಯವಿದ್ದರೆ ಸಾಕೆಂದು ನಂಬಿದವರು! 100 ಗ್ರಾಂ ಜೋಳದಲ್ಲಿ ಅದು 30 ಮಿಲಿಗ್ರಾಂಗೂ ಕಡಿಮೆ. ಪಾಲಕದ ಸುಣ್ಣಾಂಶವನ್ನು ಅದರೊಳಗಿನ ಆಕ್ಸಲೇಟೇ ಹಿಡಿದಿಡುತ್ತದೆ. ರಾಗಿಯಲ್ಲಿ ಸುಮಾರು 350 ಉಂಟು; ಮೊಳಕೆ ಕಟ್ಟಿಸಿ ಬೀಸಿದರೆ ಮೈಗೆ ಹೆಚ್ಚು ಹತ್ತುತ್ತದೆ.

“ಈಗ ರಾಗಿ ಕಲಿಯಬೇಕೇನಣ್ಣಾ?” ಎಂದು ತಂಗಿ ಮುನಿದಳು. ನುಗ್ಗೆಸೊಪ್ಪಿನ ಪಲ್ಯ ಮಾತ್ರ ರೊಟ್ಟಿಗೆ ಬೇಗ ಹೊಂದಿತು. ಈಗ ಬೆಳಗಿನ ಅಂಬಲಿಯಲ್ಲಿ ನಮಗೂ ಒಂದು ಬಟ್ಟಲು ತೆಗೆದಿಡುತ್ತಾಳೆ.