ನಾನು ಯಾವ ಕ್ಷೇತ್ರದವನು?

2024ರ ಲೋಕಸಭಾ ಚುನಾವಣೆ ಮುಗಿದು ಕೆಲವು ತಿಂಗಳಾಗಿತ್ತು. ಸುಬ್ರಹ್ಮಣ್ಯಪುರದ ನಮ್ಮ ಬೀದಿಯ ಹುಡುಗನೊಬ್ಬ ಅರ್ಜಿ ಬರೆದು ತಂದ. ಸಂಸದರ ನಿಧಿಯಿಂದ ಒಂದು ವಾಚನಾಲಯ ಕಟ್ಟಿಸಿಕೊಡಬೇಕೆಂಬ ಮನವಿ. ಬೀದಿಯವರ ಸಹಿ ಬೇಕಿತ್ತು. ಅಕ್ಷರ ಮುತ್ತಿನಂತಿತ್ತು. ಆದರೆ ಅರ್ಜಿ ತೇಜಸ್ವಿ ಸೂರ್ಯ ಅವರ ಹೆಸರಿಗಿತ್ತು.

"ಇವರು ನಮ್ಮ ಸಂಸದರಲ್ಲಪ್ಪಾ. ನಮ್ಮವರು ಡಾ. ಸಿ.ಎನ್. ಮಂಜುನಾಥ್" ಎಂದೆ.

"ಅದು ಹೇಗೆ ಅಂಕಲ್? ನಾವು ಬೆಂಗಳೂರು ದಕ್ಷಿಣ ಅಲ್ವಾ?"

ಹುಡುಗನ ತಪ್ಪಲ್ಲ. ವಿಧಾನಸಭೆಗೆ ನಾವು ಬೆಂಗಳೂರು ದಕ್ಷಿಣ. ಲೋಕಸಭೆಗೆ ಮಾತ್ರ ಬೆಂಗಳೂರು ಗ್ರಾಮಾಂತರ. ಬೆಂಗಳೂರು ದಕ್ಷಿಣ ಎಂಬ ಲೋಕಸಭಾ ಕ್ಷೇತ್ರ ಬೇರೆಯೇ ಇದೆ. ಅದು ಜಯನಗರ, ಬಸವನಗುಡಿಯವರದು. ಸಾಲದೆಂಬಂತೆ 2025ರಲ್ಲಿ ರಾಮನಗರ ಜಿಲ್ಲೆಗೂ ಬೆಂಗಳೂರು ದಕ್ಷಿಣ ಎಂದೇ ಹೆಸರಿಟ್ಟರು.

ಈ ಗೊಂದಲ ನನಗೆ ಹೊಸದಲ್ಲ. ನಾನು ಹುಟ್ಟಿದ್ದು ರಾಮನಗರದಲ್ಲಿ. ಅಬ್ಬಾ ರೇಷ್ಮೆ ನೂಲು ತೆಗೆಯುವ ಕೆಲಸ ಮಾಡುತ್ತಿದ್ದರು. ಗೂಡು ತರುತ್ತಿದ್ದವರು ಸುತ್ತಲಿನ ಹಳ್ಳಿಯ ಗೌಡರು, ಬಿಸಿನೀರಿಗೆ ಕೈ ಹಾಕುತ್ತಿದ್ದವರು ನಮ್ಮವರು. 1971ರಲ್ಲಿ ಕನಕಪುರ ಲೋಕಸಭಾ ಕ್ಷೇತ್ರದಿಂದ ಸಿ.ಕೆ. ಜಾಫರ್ ಷರೀಫ್ ಗೆದ್ದ ಕಥೆಯನ್ನು ಅಬ್ಬಾ ಎಷ್ಟು ಸಲ ಹೇಳಿದ್ದರೋ! ಷರೀಫರು ದೂರದ ಚಳ್ಳಕೆರೆಯಲ್ಲಿ ಹುಟ್ಟಿದವರು. ಒಕ್ಕಲಿಗ ರೈತರ ಸಂಖ್ಯೆಯೇ ದೊಡ್ಡದಾಗಿದ್ದ ಕ್ಷೇತ್ರ ಅವರನ್ನು ದೆಹಲಿಗೆ ಕಳಿಸಿತು. ಇಂದಿರಾ ಗಾಂಧಿಯವರ ಅಲೆ ಇತ್ತು, ನಿಜ. ಆದರೂ ಅಬ್ಬಾ ನೆನಪಿಟ್ಟುಕೊಂಡದ್ದು ಅಲೆಯನ್ನಲ್ಲ. "ಗೂಡಿನ ಗೌಡರೂ ನಾವೂ ಒಂದೇ ಸಾಲಿನಲ್ಲಿ ನಿಂತು ಒಬ್ಬನಿಗೇ ಓಟು ಹಾಕಿದೆವು" ಎನ್ನುತ್ತಿದ್ದರು. ಷರೀಫರು 1977ರಲ್ಲಿ ಬೆಂಗಳೂರು ಉತ್ತರಕ್ಕೆ ಹೋದರು, 1991ರಲ್ಲಿ ರೈಲ್ವೆ ಸಚಿವರಾದರು.

ನಾನು ಕೆಲಸಕ್ಕೆಂದು ತಿಲಕನಗರಕ್ಕೆ ಬಂದು ಬೆಂಗಳೂರು ದಕ್ಷಿಣದ ಮತದಾರನಾದೆ. 1977ರಲ್ಲಿ ಕೆ.ಎಸ್. ಹೆಗ್ಡೆಯವರನ್ನು ಆರಿಸಿದ ಕ್ಷೇತ್ರ ಅದು. ಅವರು ಲೋಕಸಭೆಯ ಸ್ಪೀಕರ್ ಆದರು. 1996ರಿಂದ ಅನಂತಕುಮಾರ್ ಅಲ್ಲಿ ಸತತ ಆರು ಸಲ ಗೆದ್ದರು. ಎರಡು ಸಾವಿರದ ಇಸವಿಯಲ್ಲಿ ಸುಬ್ರಹ್ಮಣ್ಯಪುರದಲ್ಲಿ ಸಣ್ಣ ಮನೆ ಕಟ್ಟಿಕೊಂಡೆ. 2002ರ ಉಪಚುನಾವಣೆ ಬಂದಾಗಲೇ ಗೊತ್ತಾಗಿದ್ದು, ನಮ್ಮ ಉತ್ತರಹಳ್ಳಿ ವಿಧಾನಸಭಾ ಕ್ಷೇತ್ರ ಕನಕಪುರ ಲೋಕಸಭೆಗೆ ಸೇರಿದೆಯೆಂದು. "ಎಲ್ಲಿ ಹೋದರೂ ಕನಕಪುರ ನಿನ್ನನ್ನು ಬಿಡಲಿಲ್ಲ ನೋಡು" ಎಂದು ಅಬ್ಬಾ ನಕ್ಕರು. ಆ ಸಲ ದೇವೇಗೌಡರು ಡಿ.ಕೆ. ಶಿವಕುಮಾರ್ ಅವರನ್ನು ಸೋಲಿಸಿದರು. ಎರಡೇ ವರ್ಷಕ್ಕೆ, 2004ರಲ್ಲಿ, ಪತ್ರಕರ್ತೆಯಾಗಿದ್ದ ತೇಜಸ್ವಿನಿ ಗೌಡ ಅದೇ ಮಾಜಿ ಪ್ರಧಾನಿಯನ್ನು ಸೋಲಿಸಿದರು. ನಮ್ಮ ಕ್ಷೇತ್ರ ಯಾರ ಮನೆಯ ಸ್ವತ್ತೂ ಆಗಿರಲಿಲ್ಲ.

ಆಮೇಲೆ ಕುಲದೀಪ್ ಸಿಂಗ್ ಆಯೋಗದ ಗೆರೆಗಳು ಬಂದವು. ಊದಿಹೋಗಿದ್ದ ಉತ್ತರಹಳ್ಳಿ 2008ರಲ್ಲಿ ಒಡೆದು ಹಲವು ಕ್ಷೇತ್ರಗಳಾಯಿತು. ಕನಕಪುರ ಲೋಕಸಭಾ ಕ್ಷೇತ್ರವೂ ಹೋಗಿ 2009ರಲ್ಲಿ ಬೆಂಗಳೂರು ಗ್ರಾಮಾಂತರ ಬಂತು. ಕುಣಿಗಲ್, ಮಾಗಡಿ, ಚನ್ನಪಟ್ಟಣದ ಜೊತೆ ರಾಜರಾಜೇಶ್ವರಿನಗರ ಮತ್ತು ನಾವು. ಮೊದಲು ಕುಮಾರಸ್ವಾಮಿ, 2013ರ ಉಪಚುನಾವಣೆಯಿಂದ ಡಿ.ಕೆ. ಸುರೇಶ್, 2024ರಲ್ಲಿ ಮಂಜುನಾಥ್. ಈ ಕೊನೆಯ ಗೆಲುವಿಗೆ ನಗರದ ಕಡೆಯ ಮತಗಳು ದೊಡ್ಡ ಬಲ ಕೊಟ್ಟವು. ಹೆಸರು ಗ್ರಾಮಾಂತರ, ತೂಕ ಮಾತ್ರ ನಗರದ ಕಡೆಗೆ ವಾಲುತ್ತಿದೆ.

ಗೆರೆ ಹೊಸದಾದರೂ ಲೆಕ್ಕ ಮತ್ತೆ ತಪ್ಪಿದೆ. 2001ರ ಜನಗಣತಿಯ ಮೇಲೆ ಎಳೆದ ನಮ್ಮ ವಿಧಾನಸಭಾ ಕ್ಷೇತ್ರದಲ್ಲಿ ಇಂದು 6 ಲಕ್ಷಕ್ಕೂ ಹೆಚ್ಚು ಮತದಾರರು; ಶೃಂಗೇರಿಯಲ್ಲಿ 2 ಲಕ್ಷವೂ ಇಲ್ಲ. ಇಬ್ಬರಿಗೂ ಒಬ್ಬೊಬ್ಬರೇ ಶಾಸಕರು. ಜರ್ಮನಿಯಲ್ಲಿ 299 ಕ್ಷೇತ್ರಗಳಿವೆ. ಯಾವುದಾದರೂ ಕ್ಷೇತ್ರದ ಜನಸಂಖ್ಯೆ ಸರಾಸರಿಗಿಂತ ಶೇಕಡ 25ಕ್ಕೂ ಹೆಚ್ಚು ಏರುಪೇರಾದರೆ ಅಲ್ಲಿ ಗೆರೆಯನ್ನು ಹೊಸದಾಗಿ ಎಳೆಯಲೇಬೇಕು. ಅಲ್ಲಿನ ಮತದಾರನಿಗೆ ಎರಡು ಓಟು: ಒಂದು ತನ್ನ ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. ಪಕ್ಷಗಳ ಒಟ್ಟು ಸ್ಥಾನ ನಿರ್ಧಾರವಾಗುವುದು ಎರಡನೆಯ ಓಟಿನಿಂದ. ಕ್ಷೇತ್ರದಲ್ಲಿ ಸೋತವನ ಓಟು ಪೂರ್ತಿ ವ್ಯರ್ಥವಾಗುವುದಿಲ್ಲ. ನಮ್ಮಲ್ಲಿ ಗೆದ್ದವನದೇ ಎಲ್ಲ. 2004ರಲ್ಲಿ ಗುಲ್ಬರ್ಗದಿಂದ ಇಕ್ಬಾಲ್ ಅಹ್ಮದ್ ಸರಡಗಿ ಗೆದ್ದ ನಂತರ, 2009ರಿಂದ 2024ರವರೆಗಿನ ನಾಲ್ಕು ಲೋಕಸಭಾ ಚುನಾವಣೆಗಳಲ್ಲಿ ರಾಜ್ಯದ 28 ಸ್ಥಾನಗಳ ಪೈಕಿ ಒಂದರಲ್ಲೂ ಮುಸ್ಲಿಮರು ಗೆದ್ದಿಲ್ಲ.

ಪ್ರತಿನಿಧಿ ನಮ್ಮ ಜಾತಿಯವನೇ ಆಗಿರಬೇಕೆಂದು ನಾನು ಹೇಳುವುದಿಲ್ಲ. ಅಬ್ಬಾನ ಕಾಲದ ಗೌಡರೂ ಹಾಗೆ ಹೇಳಲಿಲ್ಲ. ಆದರೆ ಯಾರ ಬಾಗಿಲು ತಟ್ಟಬೇಕೆಂಬುದಾದರೂ ತಿಳಿದಿರಬೇಡವೇ? ಬಿಬಿಎಂಪಿ ಸದಸ್ಯರ ಅವಧಿ 2020ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 2007ರಲ್ಲಿ ನಗರಕ್ಕೆ ಸೇರಿಸಿದ 110 ಹಳ್ಳಿಗಳಿಗೆಂದು ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿದ್ದು 2024ರ ಅಕ್ಟೋಬರ್‌ನಲ್ಲಿ. ಹದಿನೇಳು ವರ್ಷ! ತೊರೆಕಾಡನಹಳ್ಳಿಯಿಂದ ಹೊರಟ ಕಾವೇರಿ ಹಾರೋಹಳ್ಳಿ, ತಾತಗುಣಿಗಳಲ್ಲಿ ಪಂಪಾಗಿ ಕನಕಪುರ ರಸ್ತೆಯ ಗುಂಟ ನಗರಕ್ಕೆ ಬರುತ್ತದೆ. ನೀರಿನ ದಾರಿ ನೋಡಿದರೆ ಆ ಕಡೆಯ ಹಳ್ಳಿಯವರೂ ನಾವೂ ಒಂದೇ ಕ್ಷೇತ್ರದಲ್ಲಿರುವುದು ಸರಿಯೇ ಅನಿಸುತ್ತದೆ. ಆದರೆ ನಾವು ಅವರನ್ನು ನೆರೆಯವರೆಂದು ಎಣಿಸಿಯೇ ಇಲ್ಲ. ಓಟಿನ ದಿನವೂ ನೆನೆಯುವುದಿಲ್ಲ.

ಹುಡುಗ ಅರ್ಜಿಯನ್ನು ಹೊಸ ಹಾಳೆಯಲ್ಲಿ ಬರೆದು ತಂದ. ಮೇಲೆ ಸರಿಯಾದ ಹೆಸರು, ಅದರ ಕೆಳಗೆ "ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರ". ಸಹಿ ಹಾಕುವಾಗ ಅವನಿಗೆ 1971ರ ಕಥೆ ಹೇಳಿದೆ.

"ಹೌದಾ ಅಂಕಲ್? ಇದೇ ಕನಕಪುರದವರಾ?" ಎಂದ.

ಇದೇ ಕನಕಪುರದವರು ಎಂದೆ.